ಸಾವಿರ ತುಣುಕು, ನಾನೊಬ್ಬಳೇ

ನಲವತ್ತೇಳು ತುಂಬಿದರೂ ಒಂದು ಕೆಲಸವನ್ನು ನಾನೊಬ್ಬಳೇ ಹಿಡಿದು ನಾನೊಬ್ಬಳೇ ಮುಗಿಸಿದ್ದು ಅಂತ ಇರಲಿಲ್ಲ. ತಪ್ಪು ನನ್ನದಲ್ಲ, ನಮ್ಮ ಕಡೆಯ ಜನರದು. ಶಾವಿಗೆ ಮಾಡಲು ಕುಳಿತರೆ ಓಣಿಯ ಹೆಂಗಸರು ಕರೆಯದೇ ಬಂದು ಪಕ್ಕಕ್ಕೆ ಕೂರುತ್ತಾರೆ. ಒಬ್ಬರು ದುಡಿಯುವಾಗ ಇನ್ನೊಬ್ಬರು ಕೈಕಟ್ಟಿ ನಿಲ್ಲುವುದು ಮರ್ಯಾದೆಗೆ ಕಡಿಮೆ. ಮೊನ್ನೆ ಮೆಂತ್ಯೆ ಸೋಸುತ್ತಿದ್ದಾಗ ಕರೆಂಟ್ ಬಿಲ್ ಕೊಡಲು ಬಂದವನೂ ನಿಂತಲ್ಲೇ ಎರಡು ಕಡ್ಡಿ ಬಿಡಿಸಿ ಹೋದ.

ಅದಕ್ಕೇ ಗೋಕಾಕದ ಅಂಗಡಿಯಲ್ಲಿ ಸಾವಿರ ತುಣುಕಿನ ಪಜಲ್ ಕಂಡಾಗ ಆಸೆಯಾಯಿತು. ಎಲ್ಲ ಜೋಡಿಸಿದರೆ ಒಂದು ಚಿತ್ರ: ಮೇಲೆ ಆಕಾಶ, ನಡುವೆ ಗುಡ್ಡ, ಕೆಳಗೆ ಕೆರೆ. "ಒಬ್ಬಳೇ ಮುಗಿಸುತ್ತೇನೆ" ಅಂತ ಫೇಸ್‌ಬುಕ್ಕಿನಲ್ಲಿ ಸಾರಿಯೂ ಬಿಟ್ಟೆ. ಯಜಮಾನರು ಡಬ್ಬಿ ಅಲ್ಲಾಡಿಸಿ, "ಇಡೀ ಚಿತ್ರಾನ ಸಿಗತಿತ್ತಲ್ಲ, ಹರಕ ಯಾಕ ತಂದಿ?" ಅಂದರು. ನಾವು ಉಣ್ಣುವುದು ನೆಲದ ಮೇಲೆ. ಇಸ್ತ್ರಿ ಬಟ್ಟೆ ಪೇರಿಸಲೆಂದೇ ಇದ್ದ ಡೈನಿಂಗ್ ಟೇಬಲ್ಲಿಗೆ ಕೊನೆಗೂ ಕೆಲಸ ಸಿಕ್ಕಿತು. ಒಂದೊಂದು ತುಣುಕು ಟಕ್ಕೆಂದು ಕೂತಾಗಲೂ ಮೈಯೆಲ್ಲ ಹಗುರ. ಮೂರು ವಾರದಲ್ಲಿ ತಲೆ ಎಷ್ಟು ಕೆಟ್ಟಿತೆಂದರೆ, ರೊಟ್ಟಿಯ ಅಂಚು ಹರಿದರೆ ಅಲ್ಲಿ ಕೂರುವ ತುಣುಕು ಹುಡುಕುತ್ತಿದ್ದೆ.

ಇನ್ನೇನು ಕೊನೆಯ ಹತ್ತಿಪ್ಪತ್ತು ಉಳಿದಿದ್ದವು, ಬೆಲ್ಲದ ಬಾಗೇವಾಡಿಯಿಂದ ನಮ್ಮತ್ತೆ ಬಂದರು. ಚಹಾ ಇಟ್ಟು ಬರುವಷ್ಟರಲ್ಲಿ, "ಎರಡ ನಾ ಹಚ್ಚೇನಿ ನೋಡವಾ. ಒಬ್ಬಾಕಿನ ಎಷ್ಟಂತ ಮಾಡ್ತಿ?" ಅಂದರು.

ನಾನು ಚಹಾದ ಕಪ್ಪು ಕೆಳಗಿಟ್ಟೆ. "ಯಾವ ಎರಡ್ರಿ ಅತ್ತಿ?"

"ನೀಲಿವು."

ನೀಲಿ ಅಂದರೆ ಆಕಾಶ. ಅದರಲ್ಲಿ ಅವರ ಎರಡು ಯಾವುವು ಅಂತ ಹೇಗೆ ಗೊತ್ತಾಗಬೇಕು? ಅವರು ಬಸ್ ಹತ್ತಿದ್ದೇ ತಡ, ಇಡೀ ಆಕಾಶವನ್ನು ಕಿತ್ತುಹಾಕಿದೆ. ಯಜಮಾನರು ಬಾಗಿಲಲ್ಲೇ ನಿಂತರು. "ಮುಗಿಯಾಕ ಬಂದಿದ್ದನ್ನ ಯಾಕ ಬಿಚ್ಚಾಕತ್ತಿ?"

"ಧೂಳ ಕುಂತಿತ್ರಿ."

ಐದು ದಿನ ಹಿಡಿಯಿತು. ಕೊನೆಯ ತುಣುಕು ಒತ್ತಿ, ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡು, ಸೆರಗು ಸಿಕ್ಕಿಸಿ ಟೇಬಲ್ಲಿನ ಸುತ್ತ ಎರಡು ಸುತ್ತು ಕುಣಿದೆ. "ಸಾವಿರಕ್ಕೆ ಸಾವಿರವೂ ನನ್ನದೇ ಕೈ" ಎಂದು ಬರೆದು ಫೋಟೊ ಹಾಕಿದೆ. ಗುರುತಿಲ್ಲದವರೂ ಶಹಬ್ಬಾಸ್ ಅಂದರು.

ಮರುವಾರ ಅತ್ತೆ ಮತ್ತೆ ಬಂದರು. ಚಪ್ಪಲಿ ಬಿಟ್ಟವರೇ ಟೇಬಲ್ಲಿನತ್ತ ಬಂದು, "ನಾ ಹಚ್ಚಿದ್ದು ಹೆಂಗ ಗಟ್ಟಿ ಕುಂತಾವ ನೋಡು" ಎಂದು ಹೆಮ್ಮೆಯಿಂದ ಬೆರಳಿಟ್ಟರು.

ಕೆರೆಯ ಮೇಲೆ. ತಿಂಗಳಿಂದ ನಾನು ಹಸಿರು ಅಂದುಕೊಂಡಿದ್ದ ನೀರು ಅವರಿಗೆ ನೀಲಿ. ಆಕಾಶ ಸುಮ್ಮನೆ ಬಿಚ್ಚಿಸಿಕೊಂಡಿತ್ತು.

ಅವರು ಕಾಲು ತೊಳೆಯಲು ಹೋದಾಗ ಸೂಜಿಯಿಂದ ಆ ಎರಡನ್ನೂ ಎಬ್ಬಿಸಿದೆ. ಒಂದನ್ನು ಕೂರಿಸಿದೆ. ಗಡಿಬಿಡಿಯಲ್ಲಿ ಇನ್ನೊಂದು ಹೇಗೆ ಒತ್ತಿದರೂ ಕೂರಲಿಲ್ಲ. ಬೆನ್ನ ಹಿಂದೆ ಒದ್ದೆ ಕಾಲಿನ ಸಪ್ಪಳ.

"ಹಂಗಲ್ಲ ಹುಚ್ಚಿ, ತಿರುವಿ ಹಚ್ಚಬೇಕ," ಎಂದು ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಹೆಬ್ಬೆರಳಿಂದ ಒತ್ತಿಬಿಟ್ಟರು. "ಈಗ ಮುಗೀತ ನೋಡು."

ಪೋಸ್ಟ್ ತಿದ್ದಲಿಲ್ಲ. ಅತ್ತೆಯ ಚಹಾಕ್ಕೆ ಮಾತ್ರ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ, ಫೇಸ್‌ಬುಕ್ಕು ನೋಡಿದರೆ ಕಣ್ಣಿಗೆ ಒಳ್ಳೆಯದಲ್ಲ ಎಂದು ತಿಳಿಸಿ ಹೇಳಿದೆ.