ಚೆಸ್ಟರ್ ಹೊಡೆದ ಚಿಟಿಕೆ

ಮೂವತ್ತು ವರ್ಷ ಷಿಕಾಗೋ ನಗರದಲ್ಲಿ ಬಸ್ಸು ಓಡಿಸಿ, ಒಂದೇ ಒಂದು ದೀಪದ ಕಂಬಕ್ಕೂ ಗುದ್ದದ ಮನುಷ್ಯನ ಮಾನವನ್ನು ಸ್ವಂತ ಮಗಳೇ ಬಾರಿನೊಳಗೆ ಹರಾಜಿಗಿಟ್ಟರೆ ಆತ ಏನು ಮಾಡಬೇಕು? ಚೆಸ್ಟರನ ಪ್ರಶ್ನೆ ಇಷ್ಟೇ. ಭಾನುವಾರ ಬೆಳಗಿನಿಂದ ಅದನ್ನು ಹೆಂಡತಿ ಐರೀನಳಿಗೆ ಹದಿನೇಳು ಸಲ ಕೇಳಿದ್ದ.

ಮಗಳು ನಡೀನ್ ಕವಯಿತ್ರಿಯಾಗಿದ್ದಳು. ಹಾಳೆಯಲ್ಲಿ ಬರೆದು ಸುಮ್ಮನಿರುವ ಜಾತಿಯಲ್ಲ. ವೇದಿಕೆ ಹತ್ತಿ, ಕೈಕಾಲು ಬೀಸಿ, ಮೂರು ನಿಮಿಷ ಒದರಿ ಅಂಕ ಗಿಟ್ಟಿಸುವ ಸ್ಲ್ಯಾಮ್ ಕಾವ್ಯ. ಈ ಸಂಜೆಯ ಕವಿತೆಯ ಹೆಸರು 'ನನ್ನಪ್ಪ ಚೆಸ್ಟರ್' ಎಂಬ ಗುಟ್ಟು ಐರೀನಳ ಬಾಯಿಂದ ಜಾರಿತ್ತು.

"ಇವತ್ತು ನಿಲ್ಲಿಸ್ತೀನಿ ನೋಡು," ಎಂದ ಚೆಸ್ಟರ್, ಬಾರಿನ ಮೊದಲ ಸಾಲಿನಲ್ಲಿ ಕುರ್ಚಿ ಎಳೆದುಕೊಳ್ಳುತ್ತ. "ಈಗಿನವರಿಗೆ ನಾನು, ನನ್ನ ನೋವು, ನನ್ನ ಬಾಲ್ಯ, ಬೇರೆ ಮಾತೇ ಇಲ್ಲ. ನನಗೇನು ನೋವಿರಲಿಲ್ವಾ? ನಾನು ಆ ದೊಡ್ಡ ಹಿಮಪಾತದಲ್ಲಿ ಎಂಟು ಗಂಟೆ ಬಸ್ಸಲ್ಲೇ..."

"ಗೊತ್ತು ಮಾರಾಯ," ಎಂದಳು ಪಕ್ಕದಲ್ಲಿದ್ದ ಐರೀನ್. "ಅದನ್ನ ಹೇಳೋಕೆ ನೀನು ಹತ್ತು ಗಂಟೆ ತಗೊಳ್ತೀಯ."

(ಅವನ ಬತ್ತಳಿಕೆಯಲ್ಲಿ ಒಂದು ಅಸ್ತ್ರವಿತ್ತು. ಐರೀನಳನ್ನು ಒಲಿಸಿಕೊಳ್ಳಲು ಇಂಥ ಬಾರುಗಳಿಗೆ ಅಲೆಯುತ್ತಿದ್ದ ಕಾಲದಲ್ಲಿ, ಕವಿತೆ ಹಿಡಿಸದಿದ್ದರೆ ಜನ ಚಿಟಿಕೆ ಹೊಡೆಯುತ್ತಿದ್ದರು. 'ಸಾಕು, ಇಳಿಯಪ್ಪ' ಎಂದರ್ಥ. ಸಭ್ಯ ಪದ್ಧತಿ, ಟೊಮೇಟೊ ಎಸೆದು ದಂಡ ಮಾಡಬೇಕಿಲ್ಲ.)

ನಡೀನ್ ಮೈಕು ಹಿಡಿದಳು.

"ನನ್ನಪ್ಪ ಬಸ್ಸು,
ನಾನು ನಿಲ್ದಾಣ.
ದಿನಾ ನನ್ನ ಮುಂದೇನೇ ಹೋಗ್ತಾನೆ,
ಹಾರ್ನ್ ಹೊಡೀತಾನೆ,
ನಿಲ್ಲಲ್ಲ!"

ಚೆಸ್ಟರನ ಕಿವಿ ಕೆಂಪಾಯಿತು. ನಿಲ್ಲಲ್ಲವಂತೆ! ಕೈಯೆತ್ತದ ಮುದುಕಿಯರಿಗೂ ಬಸ್ಸು ನಿಲ್ಲಿಸಿದವನಿಗೆ ಈ ಮಾತೇ! ಬಲಗೈ ಎತ್ತಿ ಟಕ್ಕೆಂದು ಚಿಟಿಕೆ ಹೊಡೆದ. ಹಿಂದಿನ ಮೇಜಿನ ಹುಡುಗಿಯೂ ಹೊಡೆದಳು. ಲೋಕದಲ್ಲಿ ನ್ಯಾಯ ಇನ್ನೂ ಸತ್ತಿಲ್ಲವೆಂದು ಹಿಗ್ಗಿ ಚೆಸ್ಟರ್ ಎರಡೂ ಕೈಯಲ್ಲಿ ಶುರುಮಾಡಿದ. ಬಾರಿಗೆ ಬಾರೇ ಬಾಣಲೆಯ ಜೋಳದಂತೆ ಚಟಪಟ ಸಿಡಿಯಿತು. ನಡೀನಾದರೋ, ವೇದಿಕೆ ಇಳಿಯುವ ಬದಲು ಅರಳಿದಳು, ದನಿ ಏರಿಸಿದಳು. ಮುಗಿಸಿದಾಗ ತೀರ್ಪುಗಾರರು ಹತ್ತು, ಹತ್ತು, ಒಂಬತ್ತೂವರೆ ಎಂದು ಹಲಗೆ ಎತ್ತಿದರು.

"ಇದೇನೇ ಇದು?"

"ಪೆದ್ದಪ್ಪ," ಐರೀನ್ ನಗು ತಡೆಯಲಾರದೆ ಮೇಜು ಹಿಡಿದಿದ್ದಳು. "ಈಗಿನವರಿಗೆ ಚಿಟಿಕೆ ಅಂದ್ರೆ ಶಹಬಾಸ್!"

ಅಷ್ಟರಲ್ಲಿ ನಡೀನ್ ಓಡಿಬಂದು ಅವನ ಕೊರಳಿಗೆ ಬಿದ್ದಳು. "ಅಪ್ಪಾ, ಮೊದಲ ಚಿಟಿಕೆ ನಿಂದೇ! ನಿಂಗೆ ಸಿಟ್ಟು ಬರುತ್ತೆ ಅಂತ ವಾರದಿಂದ ಹೆದರಿ ಸತ್ತಿದ್ದೆ." ಅವಳ ಕಣ್ಣು ತುಂಬಿತ್ತು.

ಚೆಸ್ಟರ್ ಬಾಯಿ ತೆರೆದ. ಐರೀನಳ ಬೂಟಿನ ಹಿಮ್ಮಡಿ ಅವನ ಪಾದದ ಮೇಲೆ ಇಳಿಯಿತು.

"ಚೆನ್ನಾಗಿತ್ತು... ಮಗಳೇ."

ಅಪರಿಚಿತರು ಸುತ್ತುಗಟ್ಟಿದರು. "ಆ ಬಸ್ಸು ನೀವೇನಾ?" ಎಂದು ಒಬ್ಬ ಕೈ ಕುಲುಕಿದ. ಇನ್ನೊಬ್ಬಳು ಜೊತೆಗೆ ನಿಂತು ಫೋಟೊ ತೆಗೆಸಿಕೊಂಡಳು. ಚೆಸ್ಟರ್ ಹೊಟ್ಟೆ ಒಳಗೆಳೆದುಕೊಂಡು, ಗದ್ದ ಮೇಲೆತ್ತಿ ನಿಂತ.

"ಅಬ್ಬ, ಅಪ್ಪನ ವಿಷಯ ಮುಗೀತು," ಎಂದು ನಡೀನ್ ಹಗುರಾಗಿ ಉಸಿರುಬಿಟ್ಟಳು. "ಮುಂದಿನ ಭಾನುವಾರ ಅಮ್ಮನ ಬಗ್ಗೆ."

"ಮುಗೀತಾ?" ಚೆಸ್ಟರ್ ಗುಡುಗಿದ ರಭಸಕ್ಕೆ ಬಿಯರ್ ಲೋಟ ಅಲುಗಿತು. "ಅದ್ಹೇಗೆ ಮುಗಿಯುತ್ತೆ? ಅಮ್ಮನಲ್ಲಿ ಏನಿದೆ ಹೇಳೋಕೆ? ನಾನು ಎಷ್ಟು ಕೆಟ್ಟ ಅಪ್ಪ ಅಂತ ನೀನಿನ್ನೂ ಅರ್ಧಾನೂ ಹೇಳಿಲ್ಲ ಕಣೇ!"