ಹುಲ್ಲಿನ ನಾಲಿಗೆ

ಅಷ್ಟೆಲ್ಲ ರಂಪಕ್ಕೆ ಕಾರಣ ಕಾಂಪೌಂಡ್ ಗೋಡೆಯ ಬುಡದಲ್ಲಿದ್ದ ಒಂದು ಹಿಡಿ ಹುಲ್ಲು.

ಸಸ್ಯ ಸಂಗ್ರಹಾಲಯದ ಗುಮಾಸ್ತರನ್ನು ವಠಾರದವರೆಲ್ಲ ಹುಲ್ಲುಮೇಷ್ಟ್ರು ಎನ್ನುತ್ತಿದ್ದರು. ಒಣಹುಲ್ಲಿನ ಹಾಳೆಗಳಿಗೆ ಯಾರ್ಯಾರೋ ಇಟ್ಟ ಹೆಸರಿನ ಚೀಟಿ ಅಂಟಿಸುತ್ತ ಇಪ್ಪತ್ತಾರು ವರ್ಷ ಸವೆಸಿದವರು ಅವರು. ಈಗ ತಾವೇ ಒಂದು ಹೆಸರಿಡುವ ಯೋಗ ಬಂದಿತ್ತು. ಎಲೆ ಕಾಂಡಕ್ಕೆ ಸೇರುವಲ್ಲಿ ಹುಲ್ಲಿಗೊಂದು ಪುಟ್ಟ ಪೊರೆ ಇರುತ್ತದೆ, ಅದಕ್ಕೆ ನಾಲಿಗೆ ಎನ್ನುತ್ತಾರೆ. ಈ ಕುಲದ ಹನ್ನೊಂದು ಬಗೆಗಳಿಗೂ ನುಣುಪು ನಾಲಿಗೆ. ಇದಕ್ಕೆ ಮಾತ್ರ ಕೂದಲು! ತೆನೆಯೂ ಬೇರೆಯಾಗಿದ್ದರೆ ಇದು ಹನ್ನೆರಡನೆಯದು. ನಿನ್ನೆ ತಾನೇ ಕೂದಲು ಕೂದಲಾಗಿ ಒಂದೇ ಒಂದು ತೆನೆ ಮೂಡಿತ್ತು. ಅದನ್ನು ನೋಡಲು ಹನ್ನೊಂದು ಗಂಟೆಗೆ ಸಂಗ್ರಹಾಲಯದ ದೊಡ್ಡ ಸಾಹೇಬರು ಬರುವವರಿದ್ದರು.

ಹತ್ತಕ್ಕೇ ವಠಾರದ ಸಂಘದ ಕಾರ್ಯದರ್ಶಿ ಹುಲ್ಲು ಕತ್ತರಿಸುವ ಯಂತ್ರದವನನ್ನು ಕರೆತಂದರು.

"ಪಕ್ಕಕ್ಕೆ ಸರೀರಿ ಮೇಷ್ಟ್ರೇ, ಕಳೆ ತೆಗೀಬೇಕು."

"ಕಳೆನಾ? ನಾಲಿಗೇಲಿ ಕೂದಲಿದೆ ಕಣ್ರೀ!" ಮೇಷ್ಟ್ರು ಹುಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

"ಅಯ್ಯಯ್ಯೋ, ನಾಲಿಗೇಲಿ ಕೂದಲಾ?" ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಟಾರ್ಚ್ ಹಿಡಿದು ಓಡಿಬಂದರು. "ಎಲ್ಲಿ, ಆ ಅನ್ನಿ."

"ನಂದಲ್ಲ ಮಾರಾಯ್ರೇ, ಹುಲ್ಲಿಂದು!"

"ಪಾಪ, ತಲೆಗೂ ಏರಿದೆ," ಎಂದರು ಕಾಂಪೌಂಡರ್, ಕಾರ್ಯದರ್ಶಿಯ ಕಿವಿಯಲ್ಲಿ.

ಮೇಷ್ಟ್ರ ಹೆಂಡತಿ ಕಿಟಕಿಯಿಂದ ಕೂಗಿದರು: "ರೀ, ಒಳಗ್ ಬನ್ನಿ! ಕೋಪ ಬಂದ್ರೆ ನಿಮಗೆ ಮೈಮೇಲೆ ಜ್ಞಾನ ಇರಲ್ಲ. ಮನೇಲಿ ಅಗೀದೆ ಉಳಿದಿರೋ ಪೆನ್ಸಿಲ್ ಒಂದೂ ಇಲ್ಲ!"

ಯಂತ್ರ ಗುರ್ ಎಂದಿತು. ಮೇಷ್ಟ್ರು ಕದಲಲಿಲ್ಲ.

"ನನ್ನ ಮೇಲೆ ಓಡಿಸಿ ಬೇಕಾದ್ರೆ! ನಿಮ್ಮ ಮುಂದೆ ಹುಲ್ಲು ಕಚ್ಚಿ ಶರಣಾಗೋ ಆಸಾಮಿ ನಾನಲ್ಲ!"

ಯಂತ್ರದವನೇ ಹೆದರಿ ಅದನ್ನು ಆರಿಸಿದ. ಮೇಷ್ಟ್ರು ಹಲ್ಲು ಕಡಿಯುತ್ತ, ದುರುಗುಟ್ಟಿ ನೋಡುತ್ತ ಒಂದು ಗಂಟೆ ಕೂತರು.

ಸಾಹೇಬರು ಬಂದವರೇ ಮೊಣಕಾಲೂರಿ ಮಸೂರ ಹಿಡಿದರು. "ಭಲೇ! ನಾಲಿಗೆ ತುಂಬ ಕೂದಲು! ಎಲ್ರೀ ತೆನೆ?"

ಮೇಷ್ಟ್ರು ತಿರುಗಿದರು. ತೆನೆಯಿದ್ದಲ್ಲಿ ಬರೀ ಮೋಟು ಕಡ್ಡಿ.

"ಯಾವನೋ ಅದನ್ನ ಕಿತ್ತೋನು?" ಎಂದು ಬಾಯಿ ಅಗಲಿಸಿ ಅಬ್ಬರಿಸಿದರು. ಇದೇ ಸಮಯ ಎಂದು ಕಾಂಪೌಂಡರ್ ಆ ಬಾಯೊಳಗೆ ಟಾರ್ಚ್ ಬಿಟ್ಟರು.

"ನಾನ್ ಹೇಳಿಲ್ವಾ? ನಾಲಿಗೆ ಮೇಲೆ ಕೂದಲು! ಜೊತೆಗೆ ಅಗಿದ ಕಡ್ಡೀನೂ ಇದೆ!"

ಸಾಹೇಬರು ಹಣೆ ಚಚ್ಚಿಕೊಂಡರು. ಕಾರ್ಯದರ್ಶಿ ಮೀಸೆಯಲ್ಲೇ ನಕ್ಕರು. "ಅಂತೂ ಹುಲ್ಲು ಕಚ್ಚಿದ್ರಲ್ಲ ಮೇಷ್ಟ್ರೇ!"

ಮೇಷ್ಟ್ರಿಗೆ ಅಳುವೇ ಬಂತು. ಆದರೂ ಥೂ ಎಂದು ಉಗಿದು, ಮತ್ತೆ ಅಲ್ಲೇ ಕೂತರು.

"ಬೇರು ಗಟ್ಟಿಯಾಗಿದೆ. ಮುಂದಿನ ವರ್ಷ ತೆನೆ ಬಿಡುತ್ತೆ. ಅಲ್ಲೀವರೆಗೂ ಏಳಲ್ಲ, ಏನ್ ಮಾಡ್ತೀರೋ ಮಾಡಿ!"

ಹೆಂಡತಿ ಬಂದು ಒಂದು ಡಬ್ಬಿ ಹೊಸ ಪೆನ್ಸಿಲ್ ಅವರ ಪಕ್ಕದಲ್ಲಿಟ್ಟು ಹೋದರು.