ಮಲ್ಲೇಶನ ಕಾರಿನ ವಾಯುಸೇವನೆ

ಯಾವುದೇ ವಾಹನವು ಹುಟ್ಟಿನಿಂದ ಬಂದದ್ದಕ್ಕಿಂತ ಹೆಚ್ಚಿನ ಗಾಳಿ ಎಳೆದುಕೊಳ್ಳಬೇಕಾದಲ್ಲಿ ಲಿಖಿತ ಅನುಮತಿ ಪಡೆಯತಕ್ಕದ್ದು ಎಂಬುದು ಚಾಮರಾಜನಗರದ ವಾಹನ ಅಂಗಾಂಗ ಮಾರ್ಪಾಟು ಶಾಖೆಯ ನಿಯಮ. ಗುಂಡ್ಲುಪೇಟೆಯ ಅರಿಸಿನದ ವ್ಯಾಪಾರಿ ಮಲ್ಲೇಶನಿಗೆ ಇದು ಗೊತ್ತಿರಲಿಲ್ಲ. ಅದು ಅವನ ತಪ್ಪಲ್ಲ, ಶಾಖೆಯವರಿಗೇ ಹಿಂದಿನ ವಾರವಷ್ಟೇ ಗೊತ್ತಾಗಿತ್ತು.

ಹೋದ ವರ್ಷ ಗುಂಡ್ಲುಪೇಟೆಯ ಕಾರು ಓಟದಲ್ಲಿ ಮಲ್ಲೇಶನ ಕೆಂಪು ಸ್ಪೋರ್ಟ್ಸ್ ಕಾರು, ಅವನ ಭಾಮೈದ ನೀಲಕಂಠಸ್ವಾಮಿಯ ಹಳೇ ಜೀಪಿನ ಹಿಂದೆ ಬಂದಿತ್ತು. ಅಂದಿನಿಂದ ಹೆಂಡತಿಯ ತವರಿನ ಕಡೆ ತಲೆಯೆತ್ತಿ ಹೋಗಲು ಅವನಿಗೆ ಆಗಿರಲಿಲ್ಲ. ಈ ಸಲ ಭಾಮೈದನಿಗೆ ಮಣ್ಣು ಮುಕ್ಕಿಸಲೇಬೇಕೆಂದು, ಇಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುವ ದಪ್ಪನೆಯ ಕೊಳವೆಯೊಂದನ್ನು ತರಿಸಿದ. ಅದರ ಡಬ್ಬದ ಮೇಲೆ ಏರ್ ಇಂಟೇಕ್ ಎಂದಿತ್ತು. ಅರ್ಜಿಯಲ್ಲೂ ಹಾಗೆಯೇ ಬರೆದ.

ಕಚೇರಿಯಲ್ಲಿ ಕನ್ನಡವಲ್ಲದೆ ಬೇರೆ ನಡೆಯುವುದಿಲ್ಲವೆಂದು ಗುಮಾಸ್ತ ಗುರುಪಾದಸ್ವಾಮಿಯವರು ನಿಘಂಟು ತೆರೆದರು. ಏರ್ ಎಂದರೆ ವಾಯು, ಇಂಟೇಕ್ ಎಂದರೆ ಸೇವನೆ. ‘ವಾಯುಸೇವನೆ’ ಎಂದು ತಾವೇ ದುಂಡಗೆ ತಿದ್ದಿಕೊಟ್ಟರು. ಮಲ್ಲೇಶ ಖುಷಿಯಿಂದ ಸಹಿ ಹಾಕಿದ.

ಮೂರನೆಯ ದಿನ ಆದೇಶ ಬಂತು: “ಸದರಿ ವಾಹನವು ನಲವತ್ತು ದಿನಗಳ ಕಾಲ ಬೆಳಗ್ಗೆ ಆರರಿಂದ ಏಳರವರೆಗೆ ಗುಂಡ್ಲುಪೇಟೆಯ ಉದ್ಯಾನದಲ್ಲಿ ವಾಯುಸೇವನೆ ಮಾಡಲು ಅನುಮತಿಸಿದೆ. ಇತರ ವಾಯುಸೇವಕರ ಆರೋಗ್ಯದ ಹಿತದೃಷ್ಟಿಯಿಂದ ಇಂಜಿನ್ ಚಾಲೂ ಮಾಡತಕ್ಕದ್ದಲ್ಲ. ಮಾಲೀಕರೇ ತಳ್ಳತಕ್ಕದ್ದು.”

ಮಲ್ಲೇಶ ಕಚೇರಿಗೆ ಓಡಿದ.

“ನಾ ಕೇಳಿದ್ದು ಕೊಳವೆ ಕಣ್ ಸಾ.”

“ಅರ್ಜೀಲಿ ಕೊಳವೆ ಅನ್ನೋ ಮಾತೇ ಇಲ್ವಲ್ಲ ಮಲ್ಲೇಶಪ್ಪ. ಗಾಡಿಗೆ ಗಾಳಿ ಬೇಕು ಅಂದ್ರಿ, ಕೊಟ್ಟಿವ್ನಿ. ಇದು ಮುಗಿಲಿ, ಆಮೇಲೆ ಕೊಳವೇದು ನೋಡನ.”

ಒಂದೇ ವಾಹನಕ್ಕೆ ಏಕಕಾಲದಲ್ಲಿ ಎರಡು ಗಾಳಿ ಕೊಡಲು ಅವಕಾಶವಿಲ್ಲವಂತೆ. ಓಟವಿದ್ದದ್ದು ನಲವತ್ತೊಂದನೆಯ ದಿನ. ಕೊಳವೆ ಸಿಗದಿದ್ದರೂ ಓಟಕ್ಕೆ ಕಾರಾದರೂ ಬಿಡುವಾಗಿರುತ್ತದೆಂದು ಮಲ್ಲೇಶ ಲೆಕ್ಕ ಹಾಕಿ ಒಪ್ಪಿಕೊಂಡ.

ಆರೋಗ್ಯ ಪ್ರಮಾಣಪತ್ರವೊಂದು ಬಾಕಿಯಿತ್ತು. ದಾಖಲೆಯಲ್ಲಿ ಇನ್ನೂರು ಅಶ್ವಶಕ್ತಿ ಎಂದಿದ್ದುದರಿಂದ ವಿಷಯ ಪಶುವೈದ್ಯರಿಗೆ ಹೋಯಿತು. ಅವರು ಬಂದು ನಾಲ್ಕೂ ಟಯರು ಒತ್ತಿ, ಬಾನೆಟ್ಟಿನ ಮೇಲೆ ಕೈಯಾಡಿಸಿ ಬರೆದರು: ‘ಕಾಲುಗಳು ಗಟ್ಟಿ. ಕೊಂಬಿಲ್ಲ. ಹಾಯುವ ಸ್ವಭಾವ ಕಂಡುಬಂದಿಲ್ಲ.’

ಮೊದಲ ದಿನ ಉದ್ಯಾನದಲ್ಲಿ ಜನ ನಕ್ಕರು. ನಾಲ್ಕನೆಯ ದಿನ ದಾರಿ ಬಿಟ್ಟರು. ಹತ್ತನೆಯ ದಿನ ಕಾರು ಎರಡು ನಿಮಿಷ ತಡವಾಗಿ ಬಂದದ್ದಕ್ಕೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು. ಕಾರಿನದಲ್ಲ, ಮಲ್ಲೇಶನ ಹೊಟ್ಟೆ ಕರಗತೊಡಗಿತು. ಹೆಂಡತಿ ನಯನಾ ಅವನ ಪ್ಯಾಂಟುಗಳನ್ನೆಲ್ಲ ಸೊಂಟದಲ್ಲಿ ಬಿಗಿ ಮಾಡಿಸಲು ದರ್ಜಿಗೆ ಕೊಟ್ಟಳು.

ಇಷ್ಟರಲ್ಲಿ ಓಟದ ಸಮಿತಿಯವರೂ ಅನುಮತಿಗೆಂದು ಅದೇ ಶಾಖೆಗೆ ಹೋದರು. ಗುರುಪಾದಸ್ವಾಮಿಯವರ ಬಳಿ ಕಾರುಗಳ ಬಗ್ಗೆ ಇದ್ದದ್ದು ಒಂದೇ ಆದೇಶದ ನಮೂನೆ. ಅದನ್ನೇ ನಕಲು ಮಾಡಿ ಕೊಟ್ಟರು. ಇಂಜಿನ್ ಚಾಲೂ ಮಾಡತಕ್ಕದ್ದಲ್ಲ, ಮಾಲೀಕರೇ ತಳ್ಳತಕ್ಕದ್ದು. ಸಮಿತಿ ಸಭೆ ಸೇರಿ, ಓಟವೇ ರದ್ದಾಗುವುದಕ್ಕಿಂತ ಇದು ವಾಸಿಯೆಂದು ಠರಾವು ಮಾಡಿತು.

ಓಟದ ದಿನ ನೀಲಕಂಠಸ್ವಾಮಿ ಜೀಪನ್ನು ಮೊದಲ ತಿರುವಿನವರೆಗೆ ತಳ್ಳಿ, ಅಲ್ಲೇ ಹುಣಸೆ ಮರದ ಕೆಳಗೆ ಕುಕ್ಕರಿಸಿದ. ನಲವತ್ತು ದಿನ ಪಳಗಿದ್ದ ಮಲ್ಲೇಶ ಒಂದೇ ಕೈಯಲ್ಲಿ ತಳ್ಳುತ್ತಾ, ಇನ್ನೊಂದು ಕೈಯಲ್ಲಿ ಜನರಿಗೆ ನಮಸ್ಕಾರ ಹಾಕುತ್ತಾ ಗೆರೆ ದಾಟಿದ. ಅವನಿಗಾದ ಆನಂದ ಅಷ್ಟಿಷ್ಟಲ್ಲ. ಹಾರ ಹಾಕುವಾಗ ಅತ್ತೇಬಿಟ್ಟ.

ಭಾಮೈದ ಏದುಸಿರು ಬಿಡುತ್ತಾ ಹತ್ತಿರ ಬಂದು, ಕೆಂಪು ಕಾರಿನ ಸುತ್ತ ಒಂದು ಸಲ ಸುಳಿದಾಡಿದ.

“ಎಷ್ಟ್ ಕೊಡ್ತದೆ ಭಾವ, ಮೈಲೇಜು?”

“ನಾಕ್ ಇಡ್ಲಿಗೆ ಮೂರ್ ಸುತ್ತು ಕಣ್ಲಾ.”

ನೀಲಕಂಠಸ್ವಾಮಿ ಮನಸ್ಸಿನಲ್ಲೇ ಗುಣಿಸಿ ನೋಡಿದ. ತನ್ನ ಜೀಪು ಎಂಟು ಇಡ್ಲಿಗೂ ಅಷ್ಟು ಕೊಡುವುದಿಲ್ಲ ಎಂದು ಒಪ್ಪಿಕೊಂಡು, ಮಾರನೆಯ ದಿನ ಮೊದಲ ಬಸ್ಸಿಗೇ ವಾಯುಸೇವನೆಯ ಅರ್ಜಿ ಹಿಡಿದು ಚಾಮರಾಜನಗರಕ್ಕೆ ಹೋದ.